ಇಂಕಾ ಕಲ್ಲು ನೋಡಿ ಬಂದ್ರೆ ಸಾಲ್ದು, ಅಲ್ಲಿಯ ಊಟಾನೂ ಮಾಡಿ ಬನ್ನಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣಿಲಿ ಪೆರು ಪ್ರವಾಸದ ಬಗ್ಗೆ ಬಂದಿದ್ದ ಲೇಖನ ಓದಿದೆ. ಮಾಚು ಪಿಚು, ಅಂದ್ರೆ ಸ್ಪೇನಿನೋರು ಬರೋ ಮೊದ್ಲು ಅಲ್ಲಿ ಆಳಿದ ಇಂಕಾ ಜನ ಬೆಟ್ಟದ ಮೇಲೆ ಕಟ್ಟಿದ ಊರು, ಅದರ ಫೋಟೋಗಳು ಚೆನ್ನಾಗಿದ್ವು, ಆದ್ರೆ ಕೊನೇಲಿ ಪ್ರವಾಸಿಗರಿಗೆ ಸಲಹೆ ಅಂತ ಕೊಟ್ಟಿದ್ದ ಬಾಕ್ಸ್ ನೋಡಿ ಬೇಜಾರಾಯ್ತು. ಅಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗಲ್ಲ, ರೆಡಿಮಿಕ್ಸ್ ಪ್ಯಾಕೆಟ್ಟು ಚಟ್ನಿಪುಡಿ ಅವಲಕ್ಕಿ ತಗೊಂಡ್ಹೋಗಿ, ಮಾಚು ಪಿಚುಗೆ ಒಂದು ದಿನ ಇಟ್ಕೊಂಡ್ರೆ ಪೆರು ನೋಡಿದ ಹಾಗೇನೇ ಅಂತ ಬರೆದಿದ್ರಿ. ಈ ಎರಡು ಮಾತೂ ಸರಿ ಇಲ್ಲ ಸರ್. ದಯವಿಟ್ಟು ನನ್ನ ಪತ್ರ ಉದ್ದ ಆಯ್ತು ಅಂತ ಪಕ್ಕಕ್ಕಿಡಬೇಡಿ. ಲಕ್ಷಗಟ್ಟಲೆ ದುಡ್ಡು ಕೊಟ್ಟು ಅಷ್ಟು ದೂರ ಹೋಗೋ ಜನ ಈ ಸಲಹೆ ನಂಬಿದ್ರೆ ಇಂಕಾ ಜನ ಏನು ಸಾಧಿಸಿದ್ರು ಅನ್ನೋದರಲ್ಲಿ ಅರ್ಧ ಭಾಗಾನೂ ನೋಡದೇ ವಾಪಸ್ ಬರ್ತಾರೆ.

ನಾನು ಹಾಸನದ ಕಡೆಯವನು, ಆಲೂಗಡ್ಡೆ ಬೆಳೆಯೋ ಮನೆ. ಮಗಳು ಅಮೆರಿಕದಲ್ಲಿ ಕೆಲಸದಲ್ಲಿದ್ದಾಳೆ, ಅವಳೇ ಕರ್ಕೊಂಡು ಹೋಗಿದ್ದು, ನಾನೂ ನಮ್ಮನೆಯವ್ರೂ ಹೋಗಿದ್ವಿ. ನಾನು ಎಲ್ಲಾ ತಿಂತೀನಿ, ಅವ್ರು ಮೊಟ್ಟೆನೂ ಮುಟ್ಟಲ್ಲ. ಆದ್ರೂ ಅವ್ರು ಒಂದು ದಿನಾನೂ ಉಪವಾಸ ಬೀಳ್ಲಿಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ.

ಮುಖ್ಯ ವಿಷಯ ಏನಂದ್ರೆ ಆ ಕಲ್ಲಿನ ಗೋಡೆಗಳನ್ನೂ ಅಲ್ಲಿಯ ಊಟಾನೂ ಬೇರೆ ಬೇರೆ ಮಾಡಿ ನೋಡೋಕಾಗಲ್ಲ. ಇಂಕಾ ಅಂದ ತಕ್ಷಣ ನಮ್ಮ ಟಿವಿಯೋರು ಯೂಟ್ಯೂಬ್‌ನೋರು ಬಂಗಾರ, ನರಬಲಿ, ಅನ್ಯಗ್ರಹದೋರು ಕಲ್ಲು ಎತ್ತಿಟ್ರು ಅಂತೆಲ್ಲ ಶುರು ಮಾಡ್ತಾರೆ. ಆದ್ರೆ ಉರುಬಾಂಬ ಕಣಿವೆಯ ಹಳೇ ಇಂಕಾ ಊರುಗಳಾದ ಪಿಸಾಕ್‌ನಲ್ಲೋ ಒಲ್ಯಾಂತಾಯ್‌ತಾಂಬೋದಲ್ಲೋ ನಿಂತು ಸುತ್ತ ಕಣ್ಣಾಡಿಸಿದ್ರೆ ದೇವಸ್ಥಾನಕ್ಕಿಂತ ಅರಮನೆಗಿಂತ ಜಾಸ್ತಿ ಕಾಣೋದು ಹೊಲ, ಬೆಟ್ಟದ ಬುಡದಿಂದ ನೆತ್ತಿವರೆಗೂ ಮೆಟ್ಟಿಲು ಮೆಟ್ಟಿಲಾಗಿ ಹೊಲ. ಒಂದೊಂದು ಮೆಟ್ಟಿಲಿಗೂ ಒಳಗಡೆಗೆ ಸ್ವಲ್ಪ ವಾಲಿದ ಕಲ್ಲಿನ ಗೋಡೆ, ಅದರ ಹಿಂದೆ ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಆಮೇಲೆ ಮರಳು, ಎಲ್ಲಕ್ಕಿಂತ ಮೇಲೆ ಒಳ್ಳೇ ಮಣ್ಣು. ಎಷ್ಟೇ ಮಳೆ ಹುಯ್ದ್ರೂ ನೀರು ನಿಲ್ಲಲ್ಲ, ಮಣ್ಣು ಕೊಚ್ಕೊಂಡು ಹೋಗಲ್ಲ, ಹಗಲು ಬಿಸಿಲಿಗೆ ಕಾದ ಕಲ್ಲು ರಾತ್ರಿ ನಿಧಾನಕ್ಕೆ ಶಾಖ ಬಿಡೋದ್ರಿಂದ ಬೆಳೆಗೆ ಹೆಪ್ಪುಗಟ್ಟೋ ಚಳಿ ಹೊಡೆತಾನೂ ಕಮ್ಮಿ. ಬೇಸಾಯ ಮಾಡಿದೋನಿಗೆ ಇದನ್ನ ನೋಡಿದ್ರೆ ಮೈ ಜುಂ ಅನ್ನುತ್ತೆ ಸರ್, ಅರಮನೆ ಗೋಡೆಗಿಂತ ಈ ಗೋಡೆಗಳೇ ದೊಡ್ಡ ಕೆಲಸ ಅಂತ ನನಗೆ ಅನ್ಸಿದ್ದು.

ಮೊರಾಯ್ ಅಂತ ಇನ್ನೊಂದು ಜಾಗ ಇದೆ, ಸುಮಾರು 3,500 ಮೀಟರ್ ಎತ್ತರದಲ್ಲಿ, ನೆಲದೊಳಗೆ ದೊಡ್ಡ ಬಟ್ಟಲು ತೋಡಿದ ಹಾಗೆ ಸುತ್ತಿಂದ ಸುತ್ತಿಗೆ ಇಳಿಯೋ ದುಂಡನೆ ಮೆಟ್ಟಿಲು ಹೊಲಗಳು. ಮೇಲಿನ ಸುತ್ತಿಗೂ ತಳಕ್ಕೂ ಶಾಖದಲ್ಲಿ ವ್ಯತ್ಯಾಸ ಇರುತ್ತೆ, ಅದಕ್ಕೇ ಬೇರೆ ಬೇರೆ ಎತ್ತರದ ಬೆಳೆಗಳನ್ನ ಒಂದೇ ಕಡೆ ಬೆಳೆದು ಪರೀಕ್ಷೆ ಮಾಡೋಕೆ ಕಟ್ಟಿದ್ದು ಅಂತ ಹಲವರು ಹೇಳ್ತಾರೆ. ಅದರ ಹತ್ರಾನೇ ಮಾರಾಸ್ ಉಪ್ಪಿನ ಮಡಿಗಳು. ಗುಡ್ಡದಿಂದ ಉಪ್ಪುನೀರಿನ ಊಟೆ ಹರಿದು ಬರುತ್ತೆ, ಅದನ್ನ ಸಣ್ಣ ಕಾಲುವೆಗಳಲ್ಲಿ ಸಾವಿರಾರು ಮಡಿಗಳಿಗೆ ಬಿಡ್ತಾರೆ. ಒಂದೊಂದು ಮನೆಯೋರಿಗೂ ಇಂತಿಷ್ಟು ಮಡಿ ಅಂತಿದೆ, ಈಗಲೂ ಅವ್ರೇ ಉಪ್ಪು ಕೆರೆದು ಮಾರ್ತಾರೆ. ಜನ ತುಳಿದು ಹಾಳಾಗ್ತಿತ್ತು ಅಂತ ಮಡಿಗಳ ನಡುವೆ ಓಡಾಡೋಕೆ ಈಗ ಬಿಡಲ್ಲ, ಮೇಲಿಂದಾನೇ ನೋಡ್ಬೇಕು, ಅದು ಸರಿನೇ.

ಈಗ ಊಟಕ್ಕೆ ಬರ್ತೀನಿ.

ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ಊರಿನ ಸಾನ್ ಪೆದ್ರೊ ಮಾರ್ಕೆಟ್ ಒಳಗೆ ಉದ್ದಕ್ಕೆ ಊಟದ ಸಾಲು ಇದೆ, ಬೆಂಚ್ ಮೇಲೆ ಕೂತ್ಕೊಂಡ್ರೆ ಮೊದ್ಲು ಒಂದು ದೊಡ್ಡ ಬಟ್ಟಲು ಸೂಪು, ಆಮೇಲೆ ಅನ್ನದ ಜೊತೆ ಏನಾದ್ರೂ, ಕುಡಿಯೋಕೆ ಒಂದು ಲೋಟ ಬಿಸಿ ಕಷಾಯದ ತರದ್ದೋ ಶರಬತ್ತೋ, ಇಷ್ಟೂ ಸೇರಿ ಕೆಲವೇ ಸೋಲ್ (ಅಲ್ಲಿಯ ದುಡ್ಡು). ಕೆಲಸಕ್ಕೆ ಹೋಗೋ ಜನ, ಸ್ಕೂಲ್ ಮಕ್ಕಳು, ಮೂಟೆ ಹೊರೋರು ಎಲ್ಲಾ ಅಲ್ಲೇ ತಿನ್ನೋದು. ಜ್ಯೂಸ್ ಅಂಗಡಿಗಳ ಸಾಲು ಬೇರೆ ಇದೆ, ಒಂದು ಗ್ಲಾಸ್ ಮುಗಿದ ಮೇಲೆ ಕೊಸರು ಕೇಳಿದ್ರೆ ಮಿಕ್ಸಿ ಜಾರಲ್ಲಿ ಉಳಿದಿದ್ದನ್ನ ನಗ್ತಾ ಹಾಕಿ ಕೊಡ್ತಾರೆ, ಅದಕ್ಕೆ ಯಾಪಾ ಅಂತಾರೆ. ನಮ್ಮನೆಯವ್ರು ಆ ಒಂದು ಮಾತು ಕಲ್ತುಬಿಟ್ರು, ಮಿಕ್ಕಿದ್ದೆಲ್ಲಾ ಕೈಸನ್ನೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ ಮಾತ್ರ ಬೇಕು. ಅಲ್ಲಿ ಕಾರ್ನೆ (ಮಾಂಸ) ಬೇಡ ಅಂದ್ರೆ ಸಾಕಾಗಲ್ಲ, ಕೋಳಿನ ಅವ್ರು ಕಾರ್ನೆ ಅಂತ ಲೆಕ್ಕಕ್ಕೇ ಹಿಡಿಯಲ್ಲ, ಅದಕ್ಕೇ ಸಿನ್ ಕಾರ್ನೆ ಸಿನ್ ಪೊಯ್ಯೊ ಸಿನ್ ಪೆಸ್ಕಾದೊ, ಅಂದ್ರೆ ಮಾಂಸ ಕೋಳಿ ಮೀನು ಇಲ್ಲದ್ದು, ಅಂತ ಮೂರನ್ನೂ ಬಿಡಿಸಿ ಹೇಳ್ಬೇಕು. ಸೂಪಿಗೆ ಮೂಳೆ ಬೇಯಿಸಿದ ನೀರು ಹಾಕಿರ್ತಾರಾ ಅಂತಾನೂ ಕೇಳ್ಬೇಕು, ಮಗಳು ಪ್ರತಿ ಸಲ ಕೇಳ್ತಿದ್ಲು. ಇದನ್ನ ದಾಟಿದ್ರೆ ಆಂಡಿಸ್ ಬೆಟ್ಟದ ರೈತರ ಊಟ ದಿನಾ ನಡೆಯೋದೇ ಗೆಡ್ಡೆ, ಮುಸುಕಿನ ಜೋಳ, ಕಾಳು, ಕಿನೋವಾ ಅನ್ನೋ ಸಣ್ಣ ಧಾನ್ಯದ ಮೇಲೆ. ಮಾಂಸ ಹಬ್ಬಕ್ಕೆ ಹುಣ್ಣಿಮೆಗೆ ಅನ್ನೋ ಹಾಗೆ. ರಸ್ತೆ ಬದಿ ಬುಟ್ಟಿ ಇಟ್ಕೊಂಡು ಹೆಂಗಸರು ಚೋಕ್ಲೊ ಮಾರ್ತಾರೆ, ಹೊಗೆಯಾಡೋ ಬೇಯಿಸಿದ ತೆನೆ, ಕಾಳು ಒಂದೊಂದೂ ಬೆರಳ ತುದಿಯಷ್ಟು ದಪ್ಪ, ಸಿಹಿ ಕಮ್ಮಿ, ಹಿಟ್ಟಿನ ರುಚಿ ಜಾಸ್ತಿ, ಜೊತೆಗೆ ಒಂದು ತುಂಡು ಉಪ್ಪುಪ್ಪು ಚೀಸ್. ಆ ದೊಡ್ಡ ಬಿಳಿ ಜೋಳ ಉರುಬಾಂಬ ಕಣಿವೆದು, ನಮ್ಮ ಮೈಸೂರು ಮಲ್ಲಿಗೆಗೆ ಇರೋ ತರ ಅದಕ್ಕೂ ಊರಿನ ಹೆಸರಲ್ಲೇ ಮಾನ್ಯತೆ ಇದೆ. ಕಾಪ್ಚಿ ಅಂತ ಮಾಡ್ತಾರೆ, ಹಸಿ ಅವರೆ ತರದ ದಪ್ಪ ಕಾಳು, ಆಲೂಗಡ್ಡೆ, ಹಾಲು, ಚೀಸ್, ಮಳೆಗಾಲದಲ್ಲಿ ಆದ್ರೆ ಅಣಬೆ. ತಾರ್ವಿ ಅಂತ ಒಂದು ಕಾಳಿದೆ, ಹಾಗೇ ಬಾಯಿಗೆ ಹಾಕಿದ್ರೆ ವಿಪರೀತ ಕಹಿ, ಬೇಯಿಸಿ ದಿನಗಟ್ಟಲೆ ಹರಿಯೋ ನೀರಲ್ಲಿ ನೆನೆಸಿಟ್ಟು ಕಹಿ ತೆಗೀತಾರೆ, ಆಮೇಲೆ ಈರುಳ್ಳಿ ಟೊಮೆಟೊ ನಿಂಬೆಹುಳಿ ಹಾಕಿ ಕೋಸಂಬರಿ ತರ ಕೊಡ್ತಾರೆ. ಇಷ್ಟೆಲ್ಲಾ ಇರೋ ಕಡೆ ಏನೂ ಸಿಗಲ್ಲ ಅಂತ ಬರೆಯೋದು ಅನ್ಯಾಯ.

ಖಾರ ಇಲ್ಲ ಅಂತಾನೂ ಕೆಲವರು ಹೇಳ್ತಾರೆ, ಅವ್ರು ಉಚುಕುತಾ ಅನ್ನೋ ಅಲ್ಲಿಯ ಚಟ್ನಿ ತಿಂದಿಲ್ಲ. ಉರುಬಾಂಬ ಹತ್ರ ಒಂದು ಮನೇಲಿ ಊಟ ಹಾಕಿದ್ರು, ಅಡುಗೆಮನೆ ಮೂಲೇಲಿ ಚಪ್ಪಟೆ ದೊಡ್ಡ ಕಲ್ಲು, ಅದರ ಮೇಲೆ ಅರ್ಧಚಂದ್ರ ಆಕಾರದ ಇನ್ನೊಂದು ಕಲ್ಲು. ಆಯಮ್ಮ ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತೂಗ್ತಾ ತೂಗ್ತಾ ರೊಕೊತೊ ಮೆಣಸಿನಕಾಯಿ, ಉಪ್ಪು, ಹುರಿದ ಕಡ್ಲೆಕಾಯಿ ಬೀಜ, ವಾಕತಾಯ್ ಅನ್ನೋ ಸೊಪ್ಪು ಎಲ್ಲಾ ಅರೆದ್ರು. ರೊಕೊತೊ ನೋಡೋಕೆ ಸಣ್ಣ ಟೊಮೆಟೊ ತರ ಕೆಂಪಗೆ ಗುಂಡಗೆ ಇರುತ್ತೆ, ಬೀಜ ಮಾತ್ರ ಕಪ್ಪು, ಖಾರ ನಿಧಾನಕ್ಕೆ ಏರಿ ಕಿವಿವರೆಗೂ ಹೋಗುತ್ತೆ. ವಾಕತಾಯ್ ಚೆಂಡುಹೂವಿನ ಜಾತಿ ಸೊಪ್ಪು, ಪುದೀನನೂ ಅಲ್ಲ ಕೊತ್ತಂಬರಿನೂ ಅಲ್ಲ ಅಂಥ ಒಂದು ವಾಸನೆ. ನಮ್ಮನೆಯವ್ರು ಒಂದು ಬೆರಳಲ್ಲಿ ನೆಕ್ಕಿ ನೋಡಿ "ನಿಮ್ಮಮ್ಮನ ಒರಳುಕಲ್ಲು ಚಟ್ನಿ ಕಣ್ರೀ ಇದು" ಅಂದ್ರು. ಆಯಮ್ಮನಿಗೆ ಅರ್ಥ ಆಗದೇ ಇದ್ರೂ ಖುಷಿಯಾಗಿ ಇನ್ನೊಂದು ಸೌಟು ಹಾಕಿದ್ರು. ಬೇಯಿಸಿದ ಆಲೂಗಡ್ಡೆ ಸಿಪ್ಪೆ ಸಮೇತ ಅದರಲ್ಲಿ ಅದ್ಕೊಂಡು ತಿನ್ನೋದು, ಅಷ್ಟೇ ಊಟ, ಆ ರುಚಿ ಬೇರೆಲ್ಲೂ ಸಿಗ್ಲಿಲ್ಲ.

ಆಲೂಗಡ್ಡೆ ವಿಷಯ ಸ್ವಲ್ಪ ಜಾಸ್ತಿನೇ ಬರೀತೀನಿ, ಈ ಪತ್ರ ಬರೆಯೋಕೆ ಅದೇ ಅರ್ಧ ಕಾರಣ. ಆಲೂಗಡ್ಡೆ ಹುಟ್ಟಿದ್ದೇ ಆ ಬೆಟ್ಟಗಳಲ್ಲಿ, ಅಲ್ಲಿಂದ ಸ್ಪೇನಿನೋರು ಯುರೋಪಿಗೆ ತಗೊಂಡು ಹೋಗಿ ಕೊನೆಗೆ ನಮ್ಮ ಹಾಸನದ ಕೆಂಪುಮಣ್ಣಿಗೂ ಮಸಾಲೆದೋಸೆ ಪಲ್ಯಕ್ಕೂ ಬಂದು ಸೇರ್ತು. ಪೆರುವಿನ ರಾಜಧಾನಿ ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಬೀಜ ಭಂಡಾರದಲ್ಲಿ ಸಾವಿರಾರು ತಳಿಗಳಿವೆ. ಪಿಸಾಕ್ ಊರಿನ ಮೇಲ್ಗಡೆ ಕೆಚುವಾ ಭಾಷೆ ಆಡೋ ಬೆಟ್ಟದ ಜನರ ಕೆಲವು ಹಳ್ಳಿಗಳು ಸೇರ್ಕೊಂಡು ಆಲೂಗಡ್ಡೆ ಪಾರ್ಕ್ ಅಂತ ಮಾಡ್ಕೊಂಡಿದ್ದಾರೆ, ಅಲ್ಲೇ ಸಾವಿರಕ್ಕೂ ಹೆಚ್ಚು ತಳಿ ಬೆಳೀತಾರೆ. ಲಿಮಾದ ಕೇಂದ್ರದ ಜೊತೆ 2004ರಲ್ಲಿ ಒಪ್ಪಂದ ಆಗಿ ಹಳ್ಳಿಗಳಿಂದ ಕಣ್ಮರೆಯಾಗಿದ್ದ ನೂರಾರು ತಳಿಗಳು ರೋಗ ಇಲ್ಲದ ಬೀಜವಾಗಿ ವಾಪಸ್ ರೈತರ ಕೈಗೇ ಬಂದ್ವು. ಒಂದೇ ಹೊಲದ ಗೆಡ್ಡೆ ರಾಶಿ ಹಾಕಿದ್ರು ಸರ್, ನೇರಳೆ, ಕಪ್ಪು, ಕೆಂಪು, ಹಳದಿ, ಒಳಗೆ ಕತ್ತರಿಸಿದ್ರೆ ಉಂಗುರ ಉಂಗುರ ಬಣ್ಣ, ಒಂದು ಉದ್ದಕ್ಕೆ ಹಾವಿನ ತರ, ಒಂದು ಪೂಮಾ ಪ್ರಾಣಿಯ ಪಾದದ ತರ. ಮೈಯೆಲ್ಲಾ ಗಂಟು ಗಂಟಾಗಿರೋ ಒಂದು ತಳಿಗೆ ಸೊಸೆ ಅಳಿಸೋ ಆಲೂಗಡ್ಡೆ ಅಂತ ಹೆಸರು, ಮದುವೆಯಾಗಿ ಬರೋ ಹುಡುಗಿ ಅದರ ಸಿಪ್ಪೆನ ತೆಳ್ಳಗೆ ಬಿಡಿಸ್ತಾಳಾ ಅಂತ ಅತ್ತೆ ಪರೀಕ್ಷೆ ಮಾಡ್ತಿದ್ರಂತೆ.

ಯಾಕೆ ಇಷ್ಟು ತಳಿ ಕಲಸಿ ಹಾಕ್ತೀರಾ ಅಂತ ಮಗಳ ಕೈಲಿ ಕೇಳಿಸಿದೆ. ಹೆಪ್ಪುಗಟ್ಟೋ ಚಳಿ ಬಿದ್ರೆ ಕೆಲವು ಸಾಯುತ್ತೆ ಕೆಲವು ಉಳಿಯುತ್ತೆ, ರೋಗ ಬಂದ್ರೂ ಹಾಗೇ, ಎಲ್ಲಾ ಒಂದೇ ಸಲ ಹೋಗಲ್ಲ ಅಂದ್ರು. ನಮ್ಮಲ್ಲಿ ಏನಿದೆ? ಜಿಲ್ಲೆಯೆಲ್ಲಾ ಹೆಚ್ಚಿನೋರು ವರ್ಷಾನುಗಟ್ಟಲೆ ಕುಫ್ರಿ ಜ್ಯೋತಿ ಒಂದನ್ನೇ ಹಾಕ್ಕೊಂಡು ಬಂದ್ರು, 1968ರಲ್ಲಿ ಬಂದ ತಳಿ, ಬೀಜ ಜಲಂಧರದಿಂದ ಲಾರಿಲಿ ಬರ್ಬೇಕು. ಅಂಗಮಾರಿ ರೋಗ ಬಂತು ಅಂದ್ರೆ ಮೋಡ ಕವಿದ ಒಂದೇ ವಾರದಲ್ಲಿ ಹೊಲಕ್ಕೆ ಹೊಲಾನೇ ಕಪ್ಪಾಗುತ್ತೆ, ಔಷಧಿ ಹೊಡೆದೂ ಹೊಡೆದೂ ಸಾಲ ಆಗಿ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಜೋಳಕ್ಕೆ ಶುಂಠಿಗೆ ಹೋದ್ರು. ಐರ್ಲೆಂಡಲ್ಲಿ 1845ರಿಂದ ಲಕ್ಷಾಂತರ ಜನ ಹಸಿವಿಂದ ಸತ್ತಿದ್ದೂ ಇದೇ ರೋಗ ಬೆಳೆ ಹಾಳು ಮಾಡಿದ್ರಿಂದಾನೇ, ಅಲ್ಲೂ ಬಡವರೆಲ್ಲಾ ಒಂದೇ ತಳಿ ನಂಬ್ಕೊಂಡಿದ್ರು. ಆಂಡಿಸ್‌ನೋರದ್ದನ್ನ ಹಾಗೇ ತಂದು ಇಲ್ಲಿ ಮಾಡೋಕಾಗಲ್ಲ, ನಮ್ಮ ಹವಾ ಬೇರೆ ಮಾರ್ಕೆಟ್ ಬೇರೆ, ಅದು ಗೊತ್ತು. ಆದ್ರೆ ನಮ್ಮಿಂದ ಹೋಗೋ ಕೃಷಿ ಅಧಿಕಾರಿಗಳು, ವಿಜ್ಞಾನಿಗಳು, ಕೃಷಿ ಬರೆಯೋ ಪತ್ರಕರ್ತರು ಮಾಚು ಪಿಚು ನೋಡಿದ ಹಾಗೇ ಈ ಹಳ್ಳಿಗಳನ್ನೂ ನೋಡಿ ಬರ್ಬೇಕು ಅನ್ನೋದು ನನ್ನ ಒತ್ತಾಯ.

ಚುನ್ಯೊ ಅನ್ನೋ ಒಣಗಿಸಿದ ಆಲೂಗಡ್ಡೆ ಬಗ್ಗೆ ಹೇಳ್ದೇ ಇರೋಕಾಗಲ್ಲ. ಜೂನ್ ಜುಲೈ ಅಲ್ಲಿ ಚಳಿಗಾಲ, ಎತ್ತರದ ಬಯಲಲ್ಲಿ ಆಲೂಗಡ್ಡೆ ಹರಡಿ ರಾತ್ರಿ ಹೆಪ್ಪುಗಟ್ಟೋಕೆ ಬಿಡ್ತಾರೆ, ಹಗಲು ಬಿಸಿಲಿಗೆ ಕರಗಿ ಮೆತ್ತಗಾದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡ್ತಾರೆ, ಹೀಗೇ ಕೆಲವು ದಿನ ಮಾಡಿ ಒಣಗಿಸಿದ್ರೆ ಕಲ್ಲಿನ ತರ ಗಟ್ಟಿ, ಆದ್ರೆ ಹಗುರ ಆಗುತ್ತೆ, ವರ್ಷಗಟ್ಟಲೆ ಕೆಡಲ್ಲ. ನೀರಲ್ಲಿ ನೆನೆಸಿ ಸೂಪಿಗೆ ಹಾಕ್ತಾರೆ, ಮಣ್ಣಿನ ವಾಸನೆ, ಸ್ವಲ್ಪ ಸ್ಪಂಜಿನ ತರ, ಮೊದಲ ತುತ್ತಿಗೆ ಎಲ್ಲರಿಗೂ ಹಿಡಿಸಲ್ಲ. ಆದ್ರೆ ಅದನ್ನ ತಿಂದಮೇಲೆ ಒಲ್ಯಾಂತಾಯ್‌ತಾಂಬೋದ ಎದುರು ಬೆಟ್ಟ ನೋಡಿ, ಪಿಂಕುಯ್ಯುನಾ ಅಂತ, ಅದರ ಕಡಿದಾದ ಮೈ ಮೇಲೆ ಇಂಕಾಗಳ ಕಣಜಗಳು ನಿಂತಿವೆ. ಗಾಳಿ ಬೀಸೋ ಜಾಗ ಹುಡುಕಿ, ಗಾಳಿ ಆಡೋಕೆ ಕಿಂಡಿ ಬಿಟ್ಟು ಕಟ್ಟಿದ್ದಾರೆ. ಹತ್ತೋಕೆ ಟಿಕೆಟ್ ಇಲ್ಲ, ಉಸಿರು ಬೇಕು ಅಷ್ಟೇ. ಜೋಳ, ಚುನ್ಯೊ, ಒಣಗಿಸಿದ ಮಾಂಸ ಇಂಥಾ ಕಣಜಗಳಲ್ಲಿ ತುಂಬಿಟ್ಟಿದ್ರಿಂದಾನೇ ಸೈನ್ಯ ನಡೀತು, ಸುಮಾರು 30,000 ಕಿಲೋಮೀಟರ್ ರಸ್ತೆ ಜಾಲ ಆಯ್ತು, ಬರ ಬಂದ ವರ್ಷ ಜನ ಬದುಕಿದ್ರು. ಎದುರಿನ ಕೋಟೇಲಿ ಆರು ದೈತ್ಯ ಕಲ್ಲುಗಳ ಗೋಡೆ ಇದೆ, ನದಿ ಆಚೆ ಗಣಿಯಿಂದ ತಂದಿದ್ದು, ದಾರಿಲಿ ಬಿಟ್ಟುಹೋದ ಕಲ್ಲುಗಳು ಇನ್ನೂ ಹಾಗೇ ಬಿದ್ದಿವೆ. ಎಲ್ಲರೂ ಆ ಗೋಡೆ ಮುಂದೆ ಫೋಟೋ ತೆಗೆಸ್ಕೊಂಡು ರೈಲು ಹತ್ತೋಕೆ ಓಡ್ತಾರೆ, ಕಲ್ಲು ಎಳೆದ ಜನ ಏನು ತಿಂದು ಎಳೆದ್ರು ಅನ್ನೋದು ಹಿಂದಿನ ಬೆಟ್ಟದ ಮೇಲೇ ಇದೆ, ತಿರುಗಿ ನೋಡಲ್ಲ.

ಕುಸ್ಕೊ ಊರಿಗೂ ಪೂರ್ತಿ ಸಮಯ ಕೊಡಿ. ಕೊರಿಕಾಂಚ ಅನ್ನೋ ಸೂರ್ಯ ದೇವಾಲಯದ ಮೇಲೆ ಸ್ಪೇನಿನೋರು ಚರ್ಚು, ಮಠ ಕಟ್ಟಿದ್ರು, 1950ರ ಭೂಕಂಪದಲ್ಲಿ ಅವ್ರು ಕಟ್ಟಿದ್ದು ತುಂಬಾ ಜಖಂ ಆಯ್ತು, ಕೆಳಗಿನ ಇಂಕಾ ಗೋಡೆ ಗಾರೆನೇ ಇಲ್ದೆ ನಿಂತ್ಕೊಂಡೇ ಇತ್ತು. ದೊಡ್ಡ ಕಥೀಡ್ರಲ್ ಒಳಗೆ ಮಾರ್ಕೋಸ್ ಸಪಾತಾ ಅನ್ನೋ ಸ್ಥಳೀಯ ಕಲಾವಿದ ಬರೆದ ಯೇಸುವಿನ ಕೊನೇ ಊಟದ ಚಿತ್ರ ಇದೆ, ತಟ್ಟೇಲಿ ಇರೋದು ಕುಯ್, ಅಂದ್ರೆ ಗಿನಿಪಿಗ್. ಗೆದ್ದೋರು ತಮ್ಮ ದೇವರನ್ನ ತಂದ್ರೂ ಬಡಿಸಿದ್ದು ಊರಿನ ಊಟಾನೇ, ನನಗೆ ಅಲ್ಲಿ ತುಂಬಾ ಹೊತ್ತು ನಿಲ್ಲೋ ಹಾಗಾಯ್ತು. ಕುಯ್ ನಾನೂ ತಿಂದೆ, ತಿಪೋನ್‌ನಲ್ಲಿ. ಕುಸ್ಕೊದಿಂದ ದಕ್ಷಿಣಕ್ಕೆ ಹೋಗೋ ರಸ್ತೇಲಿ ಸಾಯ್ಯಾ ಊರಲ್ಲಿ ಕರಿದ ಹಂದಿ ಮಾಂಸದ ಚಿಚರ್‍ರೋನ್, ತಿಪೋನ್‌ನಲ್ಲಿ ಒಲೇಲಿ ಸುಟ್ಟ ಕುಯ್, ಒರೊಪೆಸಾದಲ್ಲಿ ದೊಡ್ಡ ದುಂಡು ಬ್ರೆಡ್, ಹೀಗೆ ಊರಿಗೊಂದು ತಿಂಡಿ, ಭಾನುವಾರ ಕುಸ್ಕೊ ಜನ ಸಂಸಾರ ಸಮೇತ ಹೋಗ್ತಾರೆ. ತಿಪೋನ್ ಮೇಲಿರೋ ಇಂಕಾ ಹೊಲಗಳಲ್ಲಿ ಕಲ್ಲಿನ ಕಾಲುವೆಗಳಲ್ಲಿ ಇವತ್ತೂ ನೀರು ಹರೀತಿದೆ, ಅಲ್ಲಿ ಫಾರಿನ್ ಬಸ್ಸುಗಳೇ ಇರ್ಲಿಲ್ಲ. ಕುಸ್ಕೊ ಸುತ್ತಲಿನ 16 ಜಾಗಗಳಿಗೆ 10 ದಿನ ನಡೆಯೋ ಒಂದೇ ಟಿಕೆಟ್ ಸಿಗುತ್ತೆ, ತಿಪೋನ್, ಪಿಸಾಕ್, ಮೊರಾಯ್, ಒಲ್ಯಾಂತಾಯ್‌ತಾಂಬೋ ಎಲ್ಲಾ ಅದರಲ್ಲೇ ಬರುತ್ತೆ. ಮಾಚು ಪಿಚುಗೆ ಬೇರೆ ಟಿಕೆಟ್, ಗಂಟೆ ನಿಗದಿ ಮಾಡಿ ಸರ್ಕ್ಯೂಟ್ (ಗೊತ್ತುಮಾಡಿದ ದಾರಿ) ಪ್ರಕಾರ ಒಳಗೆ ಬಿಡ್ತಾರೆ, ತಿಂಗಳುಗಳ ಮೊದ್ಲೇ ಬುಕ್ ಮಾಡ್ಬೇಕು, ಒಳಗೆ ಊಟ ಮಾಡೋ ಹಾಗಿಲ್ಲ.

ಪ್ಯಾಕೇಜ್ ಟೂರ್‌ನೋರ ಬಗ್ಗೆ ಒಂದು ಮಾತು. ನಮ್ಮ ಊರಿನ ಕೆಲವರು ಒಂದು ಕಂಪನಿ ಕಡೆಯಿಂದ ಹೋಗಿದ್ರು, ಲಿಮಾದಿಂದ ವಿಮಾನದಲ್ಲಿ ನೇರ ಕುಸ್ಕೊಗೆ ಇಳಿಸಿ ಅವತ್ತೇ ಊರ ಮೇಲಿನ ಇಂಕಾ ಕೋಟೆ ಸಾಕ್ಸಾಯುವಾಮಾನ್ ಹತ್ತಿಸಿದ್ದಾರೆ. ಸಮುದ್ರಮಟ್ಟದಿಂದ 3,400 ಮೀಟರಿಗೆ ಒಂದೇ ಏಟಿಗೆ ಏರಿದ್ರೆ ಯಾರಿಗಾದ್ರೂ ತಲೆ ಸಿಡಿಯುತ್ತೆ, ವಾಂತಿ ಬರುತ್ತೆ, ವಯಸ್ಸಾದೋರು ಮಾಚು ಪಿಚು ದಿನ ರೂಮಲ್ಲೇ ಮಲಗಿದ್ರಂತೆ. ಇಳಿದ ದಿನಾನೇ ಕಾರು ಮಾಡ್ಕೊಂಡು ಉರುಬಾಂಬ ಕಣಿವೆಗೆ ಇಳಿದುಬಿಡಿ, ಒಲ್ಯಾಂತಾಯ್‌ತಾಂಬೋ ಸುಮಾರು 2,800 ಮೀಟರ್, ಮಾಚು ಪಿಚು ಇನ್ನೂ ಕೆಳಗೆ, 2,430. ಕುಸ್ಕೊ ಕೊನೆಗೆ ಇಟ್ಕೊಳ್ಳಿ. ಮೊದಲ ಎರಡು ದಿನ ಹೊಟ್ಟೆ ತುಂಬಾ ತಿನ್ನಬೇಡಿ, ಸೂಪ್ ಸಾಕು. ಕೋಕಾ ಎಲೆ ಟೀ ಹೋಟೆಲಲ್ಲೇ ಇಟ್ಟಿರ್ತಾರೆ, ಅಲ್ಲಿ ಕುಡಿಯೋದು ತಪ್ಪಲ್ಲ, ಆದ್ರೆ ಆ ಟೀ ಬ್ಯಾಗನ್ನ ನೆನಪಿಗೆ ಅಂತ ಇಲ್ಲಿಗೆ ತರಬೇಡಿ, ನಮ್ಮ ಕಾನೂನಲ್ಲಿ ಅದು ಮಾದಕವಸ್ತು ಕೇಸು. ಬಿಪಿ ಹೃದಯದ ತೊಂದರೆ ಇರೋರು ಹೊರಡೋ ಮೊದ್ಲೇ ಡಾಕ್ಟರನ್ನ ಕೇಳ್ಬೇಕು. ಇವೆಲ್ಲಾ ನಿಮ್ಮ ಸಲಹೆ ಬಾಕ್ಸ್‌ನಲ್ಲಿ ಬರಬೇಕಿತ್ತು, ಅವಲಕ್ಕಿ ಪ್ಯಾಕೆಟ್ ಅಲ್ಲ.

ಯಾವಾಗ ಹೋಗ್ಬೇಕು ಅಂತ ಕೇಳೋರಿಗೆ ನನ್ನ ಉತ್ತರ ಮೇನಿಂದ ಜೂನ್. ಮಳೆ ನಿಂತಿರುತ್ತೆ, ಆಲೂಗಡ್ಡೆ ಕೀಳೋ ಕಾಲ. ಜೂನ್ 24ಕ್ಕೆ ಕುಸ್ಕೊದಲ್ಲಿ ಇಂತಿ ರಾಯ್ಮಿ ಸೂರ್ಯನ ಹಬ್ಬ, ಆಗ ವಿಪರೀತ ಜನ, ರೂಮು ದುಬಾರಿ, ಗಲಾಟೆ ಬೇಡ ಅನ್ನೋರು ಅದಕ್ಕಿಂತ ಮೊದ್ಲೇ ಹೋಗಿ ಬನ್ನಿ. ಕೊಯ್ಲಿನ ಸಮಯದಲ್ಲಿ ಹಳ್ಳಿ ಕಡೆ ಹೋದ್ರೆ ಹೊಲದಲ್ಲೇ ವಾತಿಯಾ ಮಾಡ್ತಾರೆ. ಒಣ ಹೆಂಟೆಗಳನ್ನ ಒಂದರ ಮೇಲೊಂದು ಜೋಡಿಸಿ ಸಣ್ಣ ಗೂಡು ಕಟ್ಟಿ, ಒಳಗೆ ಬೆಂಕಿ ಹಾಕಿ ಹೆಂಟೆ ಕೆಂಪಗೆ ಕಾದಮೇಲೆ ಆಗ ತಾನೇ ಅಗೆದ ಆಲೂಗಡ್ಡೆ ತುಂಬಿ ಗೂಡನ್ನ ಅದರ ಮೇಲೇ ಬೀಳಿಸಿ ಮುಚ್ಚಿಬಿಡ್ತಾರೆ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮಣ್ಣು ಕೆದಕಿ ತೆಗೆದು, ಬೂದಿ ತಟ್ಟಿ, ಉಚುಕುತಾ ಜೊತೆ ಕೈಗೆ ಕೊಡ್ತಾರೆ. ಪಕ್ಕದಲ್ಲಿ ಮೊಳಕೆ ಕಟ್ಟಿದ ಜೋಳದಿಂದ ಮಾಡಿದ ಚಿಚಾ, ಕುಡಿಯೋ ಮೊದ್ಲು ಭೂಮಿತಾಯಿಗೆ ನಾಲ್ಕು ಹನಿ ಚೆಲ್ತಾರೆ. ಕುಡಿಯದೇ ಇರೋರು ನೇರಳೆ ಜೋಳ ಕುದಿಸಿ ಮಾಡಿದ ಚಿಚಾ ಮೊರಾದಾ ಕೇಳಿ, ಅದರಲ್ಲಿ ಅಮಲಿಲ್ಲ, ಚಕ್ಕೆ ಲವಂಗ ಹಾಕಿರ್ತಾರೆ, ಮಕ್ಕಳಿಗೂ ಕೊಡಬಹುದು.

ಮುಂದಿನ ಸಲ ಪೆರು ಬಗ್ಗೆ ಬರೆಸೋವಾಗ ಒಂದು ಪುಟ ಅಲ್ಲಿಯ ರೈತರಿಗೂ ಅಡುಗೆಯೋರಿಗೂ ಕೊಡಿ, ಸಸ್ಯಾಹಾರಿಗಳಿಗೆ ಏನೂ ಸಿಗಲ್ಲ ಅನ್ನೋ ಸಾಲನ್ನ ತಿದ್ದುಪಡಿ ಅಂತ ಹಾಕಿದ್ರೆ ಇನ್ನೂ ಒಳ್ಳೇದು. ಆಲೂಗಡ್ಡೆ ಪಾರ್ಕ್ ಬಗ್ಗೆ ನಿಮ್ಮ ಕೃಷಿ ಪುಟದಲ್ಲಿ ಬಂದ್ರೆ ನಮ್ಮ ಕಡೆ ಓದೋ ಜನ ತುಂಬಾ ಇದ್ದಾರೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಆಲೂಗಡ್ಡೆ ಬೆಳೆಗಾರ